ವ್ಯಾಯಾಮದ ಪ್ರೇರಣೆ ಮತ್ತು ದೇಹಬಿಂಬದ ಗುರಿಗಳಲ್ಲಿ ಲಿಂಗವ್ಯತ್ಯಾಸ

ವ್ಯಾಯಾಮದ ಪ್ರೇರಣೆ ಮತ್ತು ದೇಹಬಿಂಬದ ಗುರಿಗಳಲ್ಲಿನ ಲಿಂಗವ್ಯತ್ಯಾಸ ಎಂಬುದು ಹೆಂಗಸರೂ ಗಂಡಸರೂ ಯಾವ ಕಾರಣಕ್ಕೆ ವ್ಯಾಯಾಮ ಮಾಡುತ್ತಾರೆ, ಅದರಿಂದ ತಮ್ಮ ಮೈ ಹೇಗಾಗಬೇಕೆಂದು ಬಯಸುತ್ತಾರೆ, ಇದರಲ್ಲಿ ಅವರ ನಡುವೆ ಎಷ್ಟು ಅಂತರವಿದೆ, ಏಕಿದೆ ಎಂಬುದನ್ನು ಪರಿಶೀಲಿಸುವ ಅಧ್ಯಯನ ವಿಷಯ. ಮನೋವಿಜ್ಞಾನ, ಕ್ರೀಡಾವಿಜ್ಞಾನ, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯ ಈ ಎಲ್ಲ ಶಾಖೆಗಳಲ್ಲೂ ಇದರ ಚರ್ಚೆಯಿದೆ. ಆರೋಗ್ಯದ ಬಯಕೆ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ. ತೂಕ ಇಳಿಸುವ ಬಯಕೆ ಹೆಂಗಸರಲ್ಲಿ ಹೆಚ್ಚು, ಬಲ ಮತ್ತು ಪೈಪೋಟಿಯ ಬಯಕೆ ಗಂಡಸರಲ್ಲಿ ಹೆಚ್ಚು ಎಂಬುದು 1980ರ ದಶಕದಿಂದ ಈಚಿನ ಸಂಶೋಧನೆಗಳ ಒಟ್ಟು ಚಿತ್ರ. ಚೆನ್ನಾಗಿ ಕಾಣಬೇಕೆಂಬ ಆಸೆ ಇಬ್ಬರಿಗೂ ಇದೆ. ಅದು ಯಾವ ದಿಕ್ಕಿಗೆ ಎಳೆಯುತ್ತದೆ ಎಂಬಲ್ಲಿ ಮುಖ್ಯ ಅಂತರ ಕಾಣುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ವ್ಯಾಯಾಮ’ ಎಂದರೆ ಮೈಯ ಕಸುವು, ದಮ್ಮು, ಆರೋಗ್ಯ ಅಥವಾ ರೂಪವನ್ನು ಉತ್ತಮಪಡಿಸಿಕೊಳ್ಳಲೆಂದೇ ಕ್ರಮವಾಗಿ ಮಾಡುವ ಚಟುವಟಿಕೆ. ನೀರು ಸೇದುವುದು, ಕಳೆ ಕೀಳುವುದು, ಗಾರೆ ಹೊರುವುದು ಮೈಮುರಿಯುವ ಕೆಲಸಗಳೇ ಆದರೂ ಈ ಅರ್ಥದಲ್ಲಿ ವ್ಯಾಯಾಮವಲ್ಲ. ಅವು ‘ದೈಹಿಕ ಚಟುವಟಿಕೆ’ ಎಂಬ ದೊಡ್ಡ ವರ್ಗಕ್ಕೆ ಸೇರುತ್ತವೆ.

‘ಪ್ರೇರಣೆ’ ಎಂದರೆ ಒಬ್ಬರನ್ನು ವ್ಯಾಯಾಮಕ್ಕೆ ಹಚ್ಚುವ ಮತ್ತು ಅದರಲ್ಲಿ ನಿಲ್ಲಿಸುವ ಕಾರಣ. ‘ದೇಹಬಿಂಬ’ ಎಂದರೆ ತನ್ನ ಮೈಯ ಬಗ್ಗೆ ವ್ಯಕ್ತಿಯ ಮನಸ್ಸಿನಲ್ಲಿರುವ ಚಿತ್ರ ಮತ್ತು ಅದಕ್ಕೆ ಅಂಟಿಕೊಂಡ ಭಾವನೆ. ಆಸ್ಟ್ರಿಯಾ ಮೂಲದ ಮನೋವೈದ್ಯ ಪಾಲ್ ಶಿಲ್ಡರ್ 1935ರ ತಮ್ಮ ಗ್ರಂಥದಲ್ಲಿ ಈ ಪರಿಕಲ್ಪನೆಗೆ ಮನೋವೈಜ್ಞಾನಿಕ ಹಾಗೂ ಸಾಮಾಜಿಕ ಅರ್ಥ ಕೊಟ್ಟರು. ಈಗಿರುವ ಮೈಗೂ ಬಯಸುವ ಮೈಗೂ ನಡುವಿನ ಅಂತರದಿಂದ ಹುಟ್ಟುವ ಬೇಸರ ‘ದೇಹ ಅತೃಪ್ತಿ’. ಆ ಅಂತರವನ್ನು ತುಂಬಲು ಇಟ್ಟುಕೊಂಡ ಗುರಿ ‘ದೇಹಬಿಂಬದ ಗುರಿ’.

ಬಹುಪಾಲು ಸಮೀಕ್ಷೆಗಳಲ್ಲಿ ಗಂಡು ಅಥವಾ ಹೆಣ್ಣು ಎಂದು ವ್ಯಕ್ತಿ ತಾನೇ ಗುರುತು ಹಾಕಿರುತ್ತಾರೆ. ಕಂಡುಬಂದ ಅಂತರದಲ್ಲಿ ದೇಹರಚನೆಯ ಪಾಲೆಷ್ಟು, ಬೆಳೆಸಿದ ರೀತಿಯ ಪಾಲೆಷ್ಟು ಎಂದು ಆ ಅಂಕಿಗಳಿಂದ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ‘ಲಿಂಗವ್ಯತ್ಯಾಸ’ ಎಂಬ ಪದವನ್ನು ಎರಡನ್ನೂ ಒಳಗೊಂಡ ಅರ್ಥದಲ್ಲಿ ಬಳಸಲಾಗಿದೆ.

ಹಿನ್ನೆಲೆ

ಹೆಂಗಸರ ವ್ಯಾಯಾಮ, ಗಂಡಸರ ವ್ಯಾಯಾಮ ಎಂಬ ವಿಂಗಡಣೆ ಸಂಶೋಧನೆಗಿಂತ ಬಹಳ ಹಳೆಯದು. ಅಮೆರಿಕದ ಶಿಕ್ಷಣತಜ್ಞೆ ಕ್ಯಾಥರೀನ್ ಬೀಚರ್ 1856ರಲ್ಲಿ ಶಾಲೆ ಮತ್ತು ಕುಟುಂಬಗಳಿಗಾಗಿ ಲಘು ವ್ಯಾಯಾಮದ ಕೈಪಿಡಿ ಪ್ರಕಟಿಸಿದರು. ಇನ್ನೊಂದು ಕಡೆ, ಪ್ರಷ್ಯಾದಲ್ಲಿ ಹುಟ್ಟಿದ ಯೂಜಿನ್ ಸ್ಯಾಂಡೋ 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಸಿದ ಸ್ಪರ್ಧೆ ಗಂಡಸಿನ ಮೈಕಟ್ಟನ್ನು ಅಂಕ ಕೊಟ್ಟು ಅಳೆಯುವ ವಸ್ತುವಾಗಿಸಿತು. ಸ್ಯಾಂಡೋ 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ನೀಡಿದ್ದರು.

20ನೇ ಶತಮಾನದ ಉತ್ತರಾರ್ಧದಲ್ಲಿ ವ್ಯಾಯಾಮ ಸಾಮಾನ್ಯ ಜನರ ಬಿಡುವಿನ ಚಟುವಟಿಕೆಯಾಯಿತು. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ‘ಏರೋಬಿಕ್ಸ್’ ಪುಸ್ತಕದ ಮೂಲಕ ಹೃದಯದ ಆರೋಗ್ಯಕ್ಕಾಗಿ ಓಟ, ಈಜುಗಳನ್ನು ಜನಪ್ರಿಯಗೊಳಿಸಿದರು. ಮರುವರ್ಷವೇ ಜ್ಯಾಕಿ ಸೊರೆನ್ಸನ್ ಅದಕ್ಕೆ ಕುಣಿತವನ್ನು ಬೆರೆಸಿದರು. 1982ರಲ್ಲಿ ನಟಿ ಜೇನ್ ಫೋಂಡಾ ಅವರ ವಿಡಿಯೊ ಬಂದ ಮೇಲೆ ಏರೋಬಿಕ್ಸ್ ಹೆಚ್ಚುಕಡಿಮೆ ಹೆಂಗಸರದ್ದೇ ಎನಿಸಿತು. ಹೃದಯದ ಜಾಗಕ್ಕೆ ಸೊಂಟದ ಸುತ್ತಳತೆ ಬಂತು. ಭಾರ ಎತ್ತುವ ಕೋಣೆ ಗಂಡಸರದ್ದಾಗಿಯೇ ಉಳಿಯಿತು.

ಕ್ರೀಡೆಯ ಬಾಗಿಲುಗಳು ಹೆಂಗಸರಿಗೆ ತೆರೆದದ್ದು ತಡವಾಗಿ. ಬಾಸ್ಟನ್ ಮ್ಯಾರಥಾನ್ ಅವರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ. ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ 1984ರಲ್ಲಿ, ಮಹಿಳಾ ವೇಟ್‌ಲಿಫ್ಟಿಂಗ್ 2000ದಲ್ಲಿ, ಮಹಿಳಾ ಕುಸ್ತಿ 2004ರಲ್ಲಿ ಬಂದವು. ಬಲ, ದಮ್ಮು, ಗೆಲುವುಗಳನ್ನು ಸಮೀಕ್ಷೆಗಳು ‘ಗಂಡಸರಲ್ಲಿ ಹೆಚ್ಚಿರುವ ಪ್ರೇರಣೆ’ ಎಂದು ಪಟ್ಟಿ ಮಾಡುವಾಗ ಈ ಇಸವಿಗಳನ್ನು ಪಕ್ಕದಲ್ಲಿಟ್ಟು ಓದುವುದು ಅಗತ್ಯ. ಪ್ರವೇಶವೇ ಇಲ್ಲದ ಕ್ಷೇತ್ರದಲ್ಲಿ ಗುರಿ ಬೆಳೆಯುವುದಿಲ್ಲ.

ಸಂಶೋಧನೆಯ ಬೆಳವಣಿಗೆ

ಈ ವಿಷಯದ ಮೊದಲ ಪ್ರಭಾವಿ ಅಧ್ಯಯನಗಳಲ್ಲಿ ಒಂದು 1985ರಲ್ಲಿ ಏಪ್ರಿಲ್ ಫ್ಯಾಲನ್ ಮತ್ತು ಪಾಲ್ ರೋಜಿನ್ ಪ್ರಕಟಿಸಿದ್ದು. ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು 1983ರಲ್ಲಿ ಬಳಕೆಗೆ ತಂದಿದ್ದ, ತೀರ ತೆಳುವಿನಿಂದ ತೀರ ದಪ್ಪದವರೆಗಿನ 9 ರೇಖಾಚಿತ್ರಗಳನ್ನು ಅವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ನೀವೀಗ ಹೇಗಿದ್ದೀರಿ, ಹೇಗಿರಬೇಕೆಂದು ಬಯಸುತ್ತೀರಿ, ಎದುರು ಲಿಂಗದವರಿಗೆ ಯಾವುದು ಹಿಡಿಸುತ್ತದೆ ಎಂದುಕೊಂಡಿದ್ದೀರಿ ಎಂಬ ಪ್ರಶ್ನೆಗಳಿಗೆ ಗಂಡಸರ ಉತ್ತರಗಳು ಹೆಚ್ಚುಕಡಿಮೆ ಒಂದೇ ಚಿತ್ರದ ಮೇಲೆ ಬಿದ್ದವು. ಹೆಂಗಸರಲ್ಲಿ ಮೂರೂ ಬೇರೆಯಾದವು: ಇರುವ ಮೈ ಎಲ್ಲಕ್ಕಿಂತ ದಪ್ಪ, ಗಂಡಸರಿಗೆ ಹಿಡಿಸುವುದೆಂದು ಊಹಿಸಿದ್ದು ಅದಕ್ಕಿಂತ ತೆಳು, ತಾವು ಬಯಸುವುದು ಇನ್ನೂ ತೆಳು. ಗಂಡಸರು ನಿಜವಾಗಿ ಆರಿಸಿದ ಹೆಣ್ಣಿನ ಚಿತ್ರವು ಹೆಂಗಸರ ಊಹೆಗಿಂತ ತುಂಬಿಕೊಂಡದ್ದಾಗಿತ್ತು. ಇದಕ್ಕೆ ಒಂದು ವರ್ಷ ಮೊದಲು ಜುಡಿತ್ ರೋಡಿನ್ ಮತ್ತು ಸಹೋದ್ಯೋಗಿಗಳು, ಮೈತೂಕದ ಬಗೆಗಿನ ಅಸಮಾಧಾನ ಹೆಂಗಸರಲ್ಲಿ ಎಷ್ಟು ವ್ಯಾಪಕವೆಂದರೆ ಅದೇ ಸಾಮಾನ್ಯ ಸ್ಥಿತಿ ಎಂಬ ವಾದ ಮಂಡಿಸಿದ್ದರು.

ಗಂಡಸರು ತೃಪ್ತರು ಎಂಬ ತೀರ್ಮಾನ ಹೆಚ್ಚು ಕಾಲ ನಿಲ್ಲಲಿಲ್ಲ. 1988ರಲ್ಲಿ ಲೀಸಾ ಸಿಲ್ಬರ್‌ಸ್ಟೈನ್ ಮತ್ತು ಸಂಗಡಿಗರು ಅದರ ಒಳಗಿನ ಲೆಕ್ಕದ ತೊಡಕನ್ನು ತೋರಿಸಿದರು. ಅತೃಪ್ತ ಹೆಂಗಸರಲ್ಲಿ ಬಹುತೇಕ ಎಲ್ಲರೂ ತೆಳ್ಳಗಾಗಲು ಬಯಸುತ್ತಿದ್ದರು. ಅತೃಪ್ತ ಗಂಡಸರಲ್ಲಿ ಕೆಲವರು ತೆಳ್ಳಗಾಗಲು, ಸರಿಸುಮಾರು ಅಷ್ಟೇ ಮಂದಿ ದಪ್ಪಗಾಗಲು ಬಯಸುತ್ತಿದ್ದರು. ಸರಾಸರಿ ತೆಗೆದಾಗ ಈ ಎರಡು ಗುಂಪುಗಳು ಒಂದನ್ನೊಂದು ಅಳಿಸಿಹಾಕಿ ಅಂತರವೇ ಇಲ್ಲವೆಂಬ ಭ್ರಮೆ ಹುಟ್ಟಿಸಿದ್ದವು. ಇದೇ ತಂಡ ರೂಪಿಸಿದ ‘ವ್ಯಾಯಾಮದ ಕಾರಣಗಳ ಪ್ರಶ್ನಾವಳಿ’ ತೂಕ ನಿಯಂತ್ರಣ, ದೈಹಿಕ ಕ್ಷಮತೆ, ಆರೋಗ್ಯ, ಮೈಯ ಬಿಗಿ, ಆಕರ್ಷಣೆ, ಮನಸ್ಸಿನ ಹಗುರ, ಖುಷಿ ಎಂಬ 7 ಕಾರಣಗಳನ್ನು 24 ಪ್ರಶ್ನೆಗಳಲ್ಲಿ ಅಳೆಯುತ್ತದೆ. ಡೇವಿಡ್ ಮಾರ್ಕ್‌ಲ್ಯಾಂಡ್ ಮತ್ತು ಡೇವಿಡ್ ಇಂಗಲ್ಡ್ಯೂ 1997ರಲ್ಲಿ ಪ್ರಕಟಿಸಿದ, 14 ಪ್ರೇರಣೆಗಳನ್ನು 51 ಪ್ರಶ್ನೆಗಳಲ್ಲಿ ಅಳೆಯುವ ಪ್ರಶ್ನಾವಳಿಯೂ ವ್ಯಾಪಕ ಬಳಕೆಯಲ್ಲಿದೆ.

1990ರ ದಶಕದಲ್ಲಿ ಹಾರ್ವರ್ಡ್‌ನ ಮನೋವೈದ್ಯ ಹ್ಯಾರಿಸನ್ ಪೋಪ್ ಗಂಡಸರ ದೇಹಬಿಂಬವನ್ನು ಚರ್ಚೆಯ ಮುನ್ನೆಲೆಗೆ ತಂದರು. 108 ಪುರುಷ ದೇಹದಾರ್ಢ್ಯಪಟುಗಳ ಕುರಿತ 1993ರ ಅಧ್ಯಯನದಲ್ಲಿ, ಕಟ್ಟುಮಸ್ತಾಗಿದ್ದೂ ತಾವು ನರಪೇತಲರೆಂದು ನಂಬಿ ಮೈ ಮುಚ್ಚಿಕೊಳ್ಳುವವರು ಕಂಡುಬಂದರು. 1997ರಲ್ಲಿ ಈ ಸ್ಥಿತಿಗೆ ಇಟ್ಟ ಹೊಸ ಹೆಸರನ್ನು ಕನ್ನಡದಲ್ಲಿ ‘ಸ್ನಾಯುಭ್ರಮೆ’ ಎನ್ನಬಹುದು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ನಿನ 2013ರ ರೋಗನಿರ್ಣಯ ಕೈಪಿಡಿ ಇದನ್ನು ದೇಹರೂಪದ ಗೀಳುರೋಗದ ಒಂದು ಬಗೆಯೆಂದು ಸೇರಿಸಿದೆ.

ಸೈದ್ಧಾಂತಿಕ ಚೌಕಟ್ಟು

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ 1985ರಲ್ಲಿ ವಿಸ್ತಾರವಾಗಿ ಮಂಡಿಸಿದ ಸ್ವನಿರ್ಧಾರ ಸಿದ್ಧಾಂತವು ಪ್ರೇರಣೆಯ ಪ್ರಮಾಣಕ್ಕಿಂತ ಅದರ ಗುಣವನ್ನು ಮುಖ್ಯವೆಂದು ನೋಡುತ್ತದೆ. ಒಂದು ತುದಿಯಲ್ಲಿ ಬಾಹ್ಯ ಒತ್ತಡವಿದೆ: ವೈದ್ಯರು ಗದರಿದರು, ಮದುವೆ ಹತ್ತಿರ ಬಂತು. ಅದರ ಪಕ್ಕದಲ್ಲಿ ಒಳಗಿಳಿದ ಒತ್ತಡ: ಮಾಡದಿದ್ದರೆ ತಪ್ಪಿತಸ್ಥ ಭಾವ ಕಾಡುತ್ತದೆ. ಮುಂದೆ, ಮಾಡುವುದರ ಬೆಲೆ ತಿಳಿದು ತಾನಾಗಿ ಒಪ್ಪಿಕೊಂಡ ಪ್ರೇರಣೆ. ಇನ್ನೊಂದು ತುದಿಯಲ್ಲಿ, ಮಾಡುವುದರಲ್ಲೇ ಸುಖ ಕಾಣುವ ಅಂತಃಪ್ರೇರಣೆ. ಹೊಸದಾಗಿ ಶುರುಮಾಡುವವರಿಗೆ ಒಪ್ಪಿಕೊಂಡ ಪ್ರೇರಣೆ ನೆರವಾಗುತ್ತದೆ. ವರ್ಷಗಟ್ಟಲೆ ಮುಂದುವರಿಯುವವರಲ್ಲಿ ಅಂತಃಪ್ರೇರಣೆಯೇ ಬಲವಾಗಿರುತ್ತದೆ ಎಂಬುದನ್ನು ಪೆಡ್ರೊ ಟೆಶೇರಾ ಮತ್ತು ಸಹೋದ್ಯೋಗಿಗಳ 2012ರ ಸಮಗ್ರ ಪರಿಶೀಲನೆ ದೃಢಪಡಿಸಿತು.

ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ 1997ರಲ್ಲಿ ಮಂಡಿಸಿದ ವಸ್ತೂಕರಣ ಸಿದ್ಧಾಂತ ಲಿಂಗವ್ಯತ್ಯಾಸವನ್ನು ನೇರವಾಗಿ ವಿವರಿಸುತ್ತದೆ. ಹೆಣ್ಣಿನ ಮೈಯನ್ನು ನೋಡುವ ವಸ್ತುವಾಗಿ ಕಾಣುವ ಸಮಾಜದಲ್ಲಿ ಬೆಳೆದ ಹುಡುಗಿ ಕ್ರಮೇಣ ನೋಡುಗರ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳಲು ಕಲಿಯುತ್ತಾಳೆ. ಇದು ‘ಸ್ವವಸ್ತೂಕರಣ’. 1998ರ ಪ್ರಸಿದ್ಧ ಪ್ರಯೋಗದಲ್ಲಿ, ಒಂಟಿಯಾಗಿ ಕನ್ನಡಿಯ ಮುಂದೆ ಈಜುಡುಗೆ ತೊಟ್ಟು ನಂತರ ಗಣಿತದ ಲೆಕ್ಕ ಬಿಡಿಸಿದ ಯುವತಿಯರು ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಯುವಕರಲ್ಲಿ ಈ ಪರಿಣಾಮ ಕಾಣಲಿಲ್ಲ. ಕೆವಿನ್ ಥಾಂಪ್ಸನ್ ಮತ್ತು ಸಂಗಡಿಗರು 1999ರಲ್ಲಿ ಮುಂದಿಟ್ಟ ತ್ರಿಮೂಲ ಪ್ರಭಾವ ಮಾದರಿ ಹೆತ್ತವರು, ಓರಗೆಯವರು, ಮಾಧ್ಯಮ ಈ ಮೂರನ್ನೂ ದೇಹ ಅತೃಪ್ತಿಯ ಮೂಲಗಳೆಂದು ಗುರುತಿಸುತ್ತದೆ.

ಪ್ರೇರಣೆಯಲ್ಲಿನ ವ್ಯತ್ಯಾಸ

ಮಾರ್ಕಸ್ ಕಿಲ್‌ಪ್ಯಾಟ್ರಿಕ್ ಮತ್ತು ಸಂಗಡಿಗರ 2005ರ ಅಧ್ಯಯನ ಈ ಕ್ಷೇತ್ರದ ಸಾಮಾನ್ಯ ಫಲಿತಾಂಶಕ್ಕೆ ಒಳ್ಳೆಯ ಮಾದರಿ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಸವಾಲು, ಪೈಪೋಟಿ, ಜನಮನ್ನಣೆ, ಬಲ ಈ ಪ್ರೇರಣೆಗಳು ಗಂಡಸರಲ್ಲಿ ಹೆಚ್ಚಿದ್ದವು, ತೂಕ ನಿಭಾಯಿಸುವ ಪ್ರೇರಣೆ ಹೆಂಗಸರಲ್ಲಿ ಹೆಚ್ಚಿತ್ತು. ಆ ಅಧ್ಯಯನದ ಎರಡನೆಯ ಫಲಿತಾಂಶ ಅಷ್ಟಾಗಿ ಉಲ್ಲೇಖವಾಗದಿದ್ದರೂ ಹೆಚ್ಚು ಮಹತ್ವದ್ದು. ಆಟಕ್ಕೆ ಹೋಗುವಾಗ ಜನರನ್ನು ನಡೆಸುವುದು ಖುಷಿ ಮತ್ತು ಸವಾಲು. ‘ವ್ಯಾಯಾಮ’ಕ್ಕೆ ಹೋಗುವಾಗ ನಡೆಸುವುದು ರೂಪ, ತೂಕ, ಒತ್ತಡ ನಿವಾರಣೆ. ಹುಡುಗರು ಆಟದ ಮೈದಾನದಲ್ಲೂ ಹುಡುಗಿಯರು ವ್ಯಾಯಾಮದ ತರಗತಿಯಲ್ಲೂ ಹೆಚ್ಚಾಗಿರುವ ಸಮಾಜದಲ್ಲಿ, ಲಿಂಗದ್ದೆಂದು ಕಾಣುವ ಅಂತರದ ಒಂದು ಪಾಲು ಚಟುವಟಿಕೆಯದ್ದೇ ಆಗಿರಲು ಸಾಧ್ಯ.

ಸ್ವನಿರ್ಧಾರ ಸಿದ್ಧಾಂತದ ಅಳತೆಗಳಲ್ಲಿ ಹೆಂಗಸರ ಮತ್ತು ಗಂಡಸರ ಒಟ್ಟು ಅಂತರ ಚಿಕ್ಕದು. ಇದು ಮನೋವಿಜ್ಞಾನದ ವಿಶಾಲ ಚಿತ್ರಕ್ಕೂ ಹೊಂದುತ್ತದೆ: ಜ್ಯಾನೆಟ್ ಹೈಡ್ 2005ರಲ್ಲಿ 46 ಸಮುಚ್ಚಯ ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶಗಳನ್ನು ಕೂಡಿಸಿ ಲೆಕ್ಕಹಾಕುವ ಪರಿಶೀಲನೆಗಳನ್ನು) ಒಟ್ಟುಗೂಡಿಸಿದಾಗ, ಅಳೆದ ಲಿಂಗವ್ಯತ್ಯಾಸಗಳಲ್ಲಿ ಶೇ 78ರಷ್ಟು ಚಿಕ್ಕವು ಅಥವಾ ಶೂನ್ಯಕ್ಕೆ ಹತ್ತಿರದವಾಗಿದ್ದವು. ‘ಹೆಂಗಸರು ತೂಕಕ್ಕಾಗಿ, ಗಂಡಸರು ತೋಳಿಗಾಗಿ’ ಎಂಬ ಸರಳ ಸೂತ್ರ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ಭರವಸೆಯ ಮುನ್ನಂದಾಜು ಕೊಡುವುದಿಲ್ಲ.

ದೇಹಬಿಂಬದ ಗುರಿಗಳು

ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಗುರಿ ಕೊಬ್ಬು ಕರಗಿಸುವುದು, ಅದರಲ್ಲೂ ಹೊಟ್ಟೆ, ಸೊಂಟ, ತೊಡೆಗಳದ್ದು. 2010ರ ನಂತರ ಬಿಗಿಯಾದ, ಹದವಾಗಿ ಸ್ನಾಯು ಕಾಣುವ ಮೈ ಎಂಬ ಗುರಿಯೂ ಸೇರಿಕೊಂಡಿದೆ. ಇದು ತೆಳ್ಳಗಿನ ಆದರ್ಶವನ್ನು ತೆಗೆದುಹಾಕಿಲ್ಲ, ಅದರ ಮೇಲೆ ಇನ್ನೊಂದು ಷರತ್ತು ಹೇರಿದೆ.

ಗಂಡಸರ ಗುರಿಗೆ ಎರಡು ಮುಖ: ಎದೆ, ತೋಳು, ಭುಜ ತುಂಬಬೇಕು, ಹೊಟ್ಟೆ ಕರಗಬೇಕು. ಡೊನಾಲ್ಡ್ ಮೆಕ್‌ಕ್ರಿಯರಿ ಮತ್ತು ಡೋರಿಸ್ ಸಾಸ್ 2000ದಲ್ಲಿ ರೂಪಿಸಿದ 15 ಪ್ರಶ್ನೆಗಳ ಮಾಪಕ ಸ್ನಾಯು ಬೆಳೆಸುವ ಈ ತುಡಿತವನ್ನು ಅಳೆಯುತ್ತದೆ. ಅದೇ ವರ್ಷ ಪೋಪ್ ತಂಡ ಆಸ್ಟ್ರಿಯಾ, ಫ್ರಾನ್ಸ್, ಅಮೆರಿಕಗಳ ಕಾಲೇಜು ಯುವಕರಿಗೆ ಕಂಪ್ಯೂಟರ್ ಚಿತ್ರಗಳನ್ನು ತೋರಿಸಿತು. ಅವರು ಆದರ್ಶವೆಂದು ಆರಿಸಿದ ಮೈಯಲ್ಲಿ ಅವರಿಗಿರುವುದಕ್ಕಿಂತ ಸುಮಾರು 28 ಪೌಂಡ್, ಅಂದರೆ 13 ಕಿಲೋದಷ್ಟು ಹೆಚ್ಚು ಸ್ನಾಯುವಿತ್ತು. ಹೆಂಗಸರಿಗೆ ಹಿಡಿಸುವುದು ಇದಕ್ಕಿಂತಲೂ ಹೆಚ್ಚು ಎಂದು ಅವರು ಊಹಿಸಿದರು. ಹೆಂಗಸರು ಆರಿಸಿದ್ದು ಸಾಧಾರಣ ಮೈಕಟ್ಟನ್ನು. ಎದುರು ಲಿಂಗದವರ ಬಯಕೆಯನ್ನು ತಪ್ಪಾಗಿ ಅಂದಾಜು ಮಾಡುವುದರಲ್ಲಿ ಫ್ಯಾಲನ್–ರೋಜಿನ್ ಅಧ್ಯಯನದ ಹೆಂಗಸರೂ ಪೋಪ್ ಅಧ್ಯಯನದ ಗಂಡಸರೂ ಒಂದೇ. ಸಲಿಂಗಕಾಮಿ ಗಂಡಸರಲ್ಲಿ ದೇಹ ಅತೃಪ್ತಿ ಇತರ ಗಂಡಸರಿಗಿಂತ ಸರಾಸರಿ ಹೆಚ್ಚೆಂದು ಹಲವು ಅಧ್ಯಯನಗಳು ವರದಿ ಮಾಡಿವೆ.

ವಯಸ್ಸಿನೊಂದಿಗೆ ಗುರಿಗಳು ಬದಲಾಗುತ್ತವೆ. ಮಧ್ಯವಯಸ್ಸು ದಾಟಿದಂತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ಚಿಂತೆ ಮುಂದೆ ಬಂದು ಇಬ್ಬರ ಪ್ರೇರಣೆಗಳೂ ಹತ್ತಿರವಾಗುತ್ತವೆ.

ಕಾರಣಗಳು

ಜೈವಿಕ ಹಿನ್ನೆಲೆ ಇಲ್ಲದೆ ಇಲ್ಲ. ಪ್ರಾಯದಲ್ಲಿ ಟೆಸ್ಟೊಸ್ಟೆರಾನ್ ಗಂಡಿನ ಸ್ನಾಯುವನ್ನೂ, ಈಸ್ಟ್ರೊಜೆನ್ ಹೆಣ್ಣಿನ ಕೊಬ್ಬಿನ ಹಂಚಿಕೆಯನ್ನೂ ಪ್ರಭಾವಿಸುತ್ತವೆ. ವಯಸ್ಕ ಗಂಡಸರ ಮೈತೂಕದಲ್ಲಿ ಅಸ್ಥಿಸ್ನಾಯುವಿನ ಪಾಲು ಸರಾಸರಿ ಶೇ 38, ಹೆಂಗಸರಲ್ಲಿ ಶೇ 31. ಹೀಗಾಗಿ ಪ್ರಾಯಕ್ಕೆ ಬರುವ ಹುಡುಗನ ಮೈ ಅವನ ಆದರ್ಶದ ಕಡೆಗೆ ಬೆಳೆಯುತ್ತದೆ, ಹುಡುಗಿಯ ಮೈ ಅವಳ ಮುಂದಿಟ್ಟ ಆದರ್ಶದಿಂದ ದೂರ ಬೆಳೆಯುತ್ತದೆ. ಆದರ್ಶವನ್ನು ಇಡುವುದು ಮಾತ್ರ ಸಮಾಜ. ಏಪ್ರಿಲ್ ಫ್ಯಾಲನ್ ಅಥವಾ ಪೋಪ್ ಅವರ ಅಧ್ಯಯನಗಳಷ್ಟೇ ಅಲ್ಲ, ಆಟಿಕೆಗಳೂ ಇದಕ್ಕೆ ಸಾಕ್ಷಿ: ಅಮೆರಿಕದ ಜಿ.ಐ. ಜೋ ಸೈನಿಕ ಬೊಂಬೆಯ ಎದೆ, ತೋಳುಗಳು 1960ರ ದಶಕದಿಂದ 1990ರ ದಶಕದ ಹೊತ್ತಿಗೆ ಬಹಳ ಉಬ್ಬಿದ್ದನ್ನು 1999ರ ಅಧ್ಯಯನವೊಂದು ಅಳೆದು ತೋರಿಸಿತು.

ವ್ಯಾಯಾಮ ನಡೆಯುವ ಜಾಗವೂ ಮುಖ್ಯ. ಕ್ಯಾಥ್ಲೀನ್ ಮಾರ್ಟಿನ್ ಗಿನಿಸ್ ಮತ್ತು ಸಂಗಡಿಗರ 2003ರ ಪ್ರಯೋಗದಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ಹೆಂಗಸರು ಕನ್ನಡಿಯ ಎದುರು ಸೈಕಲ್ ತುಳಿದಾಗ, ಕನ್ನಡಿಯಿಲ್ಲದೆ ತುಳಿದವರಿಗಿಂತ ಕಡಿಮೆ ಉಲ್ಲಾಸ ಅನುಭವಿಸಿದರು. ಗೋಡೆ ತುಂಬ ಕನ್ನಡಿ ಹಾಕುವ ಜಿಮ್‌ಗಳ ವಿನ್ಯಾಸಕ್ಕೆ ಈ ಫಲಿತಾಂಶ ನೇರವಾಗಿ ಅನ್ವಯಿಸುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಸ್ಫೂರ್ತಿಗೆಂದು ಹಂಚುವ ಜಿಮ್ ಚಿತ್ರಗಳೂ ಹೀಗೆಯೇ: ಅವನ್ನು ನೋಡಿದ ಯುವತಿಯರಲ್ಲಿ ಪ್ರವಾಸದ ಚಿತ್ರ ನೋಡಿದವರಿಗಿಂತ ದೇಹ ಅತೃಪ್ತಿ ಮತ್ತು ಬೇಸರ ಹೆಚ್ಚಿದ್ದನ್ನು ಆಸ್ಟ್ರೇಲಿಯಾದ ಮರಿಕಾ ಟಿಗ್ಗೆಮನ್ ಮತ್ತು ಮಿಯಾ ಜಕಾರ್ಡೊ 2015ರಲ್ಲಿ ತೋರಿಸಿದರು.

ಪರಿಣಾಮಗಳು

ವ್ಯಾಯಾಮ ಸಾಮಾನ್ಯವಾಗಿ ದೇಹಬಿಂಬವನ್ನು ಸುಧಾರಿಸುತ್ತದೆ. ಹೆದರ್ ಹಾಸೆನ್‌ಬ್ಲಾಸ್ ಮತ್ತು ಎಲಿಜಬೆತ್ ಫ್ಯಾಲನ್ 2006ರಲ್ಲಿ 121 ಅಧ್ಯಯನಗಳನ್ನು ಒಟ್ಟುಗೂಡಿಸಿ, ವ್ಯಾಯಾಮ ಮಾಡುವವರ ದೇಹಬಿಂಬ ಮಾಡದವರದ್ದಕ್ಕಿಂತ ಉತ್ತಮ, ಆದರೆ ಅಂತರ ಚಿಕ್ಕದು ಎಂದು ಕಂಡುಕೊಂಡರು. ಯಾವ ಕಾರಣಕ್ಕೆ ಮಾಡುತ್ತಾರೆ ಎಂಬುದು ಇಲ್ಲಿ ನಿರ್ಣಾಯಕ. ಆರೋಗ್ಯ, ಕ್ಷಮತೆಗಾಗಿ ಮಾಡುವವರಲ್ಲಿ ಆತ್ಮಗೌರವ ಹೆಚ್ಚು. ತೂಕ, ಬಿಗಿ, ಆಕರ್ಷಣೆಗಾಗಿ ಮಾಡುವವರಲ್ಲಿ ಊಟದ ತೊಂದರೆಗಳು ಹೆಚ್ಚು ಎಂಬ ನಂಟು 1992ರಲ್ಲೇ ವರದಿಯಾಗಿತ್ತು, ಮತ್ತು ಅದು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸಿತ್ತು. ಟಿಗ್ಗೆಮನ್ ಮತ್ತು ವಿಲಿಯಮ್ಸನ್ 2000ದಲ್ಲಿ 16ರಿಂದ 60 ವರ್ಷದವರನ್ನು ಅಧ್ಯಯನ ಮಾಡಿದಾಗ ಕಿರಿಯ ಹೆಂಗಸರಲ್ಲಿ ಮಾತ್ರ ನಂಟು ತಲೆಕೆಳಗಾಗಿತ್ತು: ಹೆಚ್ಚು ವ್ಯಾಯಾಮ ಮಾಡುವವರೇ ತಮ್ಮ ಮೈಯ ಬಗ್ಗೆ ಕಡಿಮೆ ತೃಪ್ತರು.

ಅತಿರೇಕದಲ್ಲಿ ಹಾನಿಯ ರೂಪ ಬೇರೆಬೇರೆ. ಹೆಂಗಸರಲ್ಲಿ ಸಾಲದ ಊಟ, ನಿಂತುಹೋದ ಮುಟ್ಟು, ಸವೆಯುವ ಮೂಳೆ ಒಟ್ಟಿಗೆ ಬರಬಹುದು; ಇದನ್ನು ಕ್ರೀಡಾಪಟುಗಳಲ್ಲಿ 1990ರ ದಶಕದಿಂದ ಗುರುತಿಸಲಾಗಿದೆ. ಗಂಡಸರೂ ಶಕ್ತಿಕೊರತೆಗೆ ಒಳಗಾಗುತ್ತಾರೆಂದು ಒಪ್ಪಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ವ್ಯಾಖ್ಯೆಯನ್ನು ವಿಸ್ತರಿಸಿತು. ಗಂಡಸರಲ್ಲಿ ದೊಡ್ಡ ಅಪಾಯ ಸ್ಟಿರಾಯ್ಡ್. 2014ರ ಸಮುಚ್ಚಯ ವಿಶ್ಲೇಷಣೆಯ ಅಂದಾಜಿನಂತೆ ಜೀವನದಲ್ಲಿ ಒಮ್ಮೆಯಾದರೂ ಇವನ್ನು ಬಳಸಿದವರು ಗಂಡಸರಲ್ಲಿ ಶೇ 6.4, ಹೆಂಗಸರಲ್ಲಿ ಶೇ 1.6. ವೃಷಣ ಕುಗ್ಗುವಿಕೆ, ಸಂತಾನಶಕ್ತಿ ಕುಂದುವಿಕೆ, ಹೃದಯ ಮತ್ತು ಯಕೃತ್ತಿನ ತೊಂದರೆಗಳು ಇದರ ಪರಿಣಾಮಗಳು.

ಭಾರತ ಮತ್ತು ಕರ್ನಾಟಕ

ಕರ್ನಾಟಕದ ಗರಡಿಮನೆ ಸಾಂಪ್ರದಾಯಿಕವಾಗಿ ಗಂಡಸರ ಜಾಗ. ಮಟ್ಟಿ, ದಂಡೆ, ಬಸ್ಕಿ, ಗದೆ, ಕರಲಾಕಟ್ಟೆಗಳ ಸಾಮಿನ ಗುರಿ ಕುಸ್ತಿಯ ಕಸುವು. ಮೈಕಟ್ಟಿನ ಚೆಲುವು ಅದರ ಜೊತೆಗೆ ಬರುವ ಫಲ. ಚೆಲುವನ್ನೇ ಗುರಿಯಾಗಿಸಿದ ಆಧುನಿಕ ದೇಹದಾರ್ಢ್ಯವನ್ನು ಇಲ್ಲಿ ಬೆಳೆಸಿದವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಕನ್ನಡ ಓದುಗರಿಗೆ ಪರಿಚಿತರಾದ ಅವರು 1930ರಲ್ಲಿ ಸ್ನಾಯು ಬೆಳೆಸುವ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ್ದರು.

ಯೋಗದ ಚರಿತ್ರೆ ಇನ್ನೂ ಕುತೂಹಲದ್ದು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಕಲಿಸುತ್ತಿದ್ದದ್ದು ಮುಖ್ಯವಾಗಿ ಹುಡುಗರಿಗೆ. ದಶಕದ ಕೊನೆಯಲ್ಲಿ ವಿದೇಶಿ ಮಹಿಳೆ ಇಂದ್ರಾ ದೇವಿ ಶಿಷ್ಯೆಯಾಗಿ ಸೇರಿ, ಮುಂದೆ ಅಮೆರಿಕದಲ್ಲಿ ಯೋಗ ಹರಡಿದರು. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಮಗಳು ಗೀತಾ ಅಯ್ಯಂಗಾರ್ ಹೆಂಗಸರಿಗೆಂದೇ ಯೋಗಗ್ರಂಥ ಬರೆದರು. ಇಂದು ಪಾಶ್ಚಾತ್ಯ ದೇಶಗಳ ಯೋಗ ತರಗತಿಗಳಲ್ಲಿ ಹೆಂಗಸರದೇ ಬಹುಮತ. ಒಂದು ವ್ಯಾಯಾಮ ಯಾವ ಲಿಂಗಕ್ಕೆ ಸೇರಿದ್ದೆಂಬ ಭಾವನೆ ಕೆಲವೇ ದಶಕಗಳಲ್ಲಿ ತಿರುಗಿಬೀಳಬಲ್ಲದು ಎಂಬುದಕ್ಕೆ ಮೈಸೂರಿನಿಂದ ಹೊರಟ ಈ ಪರಂಪರೆಗಿಂತ ಸ್ಪಷ್ಟವಾದ ನಿದರ್ಶನ ಕಡಿಮೆ. ಆಸ್ಟ್ರೇಲಿಯಾದ ಫಿಟ್‌ನೆಸ್ ಕೇಂದ್ರಗಳ ಹೆಂಗಸರ ಕುರಿತ 2008ರ ಅಧ್ಯಯನದಲ್ಲಿ ಯೋಗದ ನಂಟು ಕಡಿಮೆ ಸ್ವವಸ್ತೂಕರಣದೊಂದಿಗೆ ಇದ್ದದ್ದೂ ಗಮನಾರ್ಹ.

ಭಾರತದಲ್ಲಿ ಪ್ರೇರಣೆಗಿಂತ ಅವಕಾಶದ ಅಂತರ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ ಲೆಕ್ಕದಂತೆ 2022ರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು ದೇಶದ ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಇದನ್ನು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಜೊತೆಗಿಟ್ಟು ಓದಬೇಕು: ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ. ಬೆಳಗಿನ ವಾಕಿಂಗ್ ಹೊತ್ತಿಗೇ ತಿಂಡಿ, ಡಬ್ಬಿ, ಮಕ್ಕಳ ಶಾಲೆ ಬರುತ್ತವೆ. ಸಂಜೆಗತ್ತಲಲ್ಲಿ ಬೀದಿ ಸುರಕ್ಷಿತವೆನಿಸುವುದಿಲ್ಲ. ಇಂಥವರನ್ನು ‘ಪ್ರೇರಣೆ ಇಲ್ಲದವರು’ ಎಂದು ವರ್ಗೀಕರಿಸುವುದು ತಪ್ಪು. ಅವಕಾಶ ಸಿಕ್ಕಲ್ಲಿ ಬಲದ ಗುರಿಯೂ ಬೆಳೆಯುತ್ತದೆ. ಮಹಿಳಾ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷವೇ ಕರ್ಣಂ ಮಲ್ಲೇಶ್ವರಿ, 2016ರಲ್ಲಿ ಕುಸ್ತಿಯಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು.

ಅಧ್ಯಯನದ ಮಿತಿಗಳು

ಲಭ್ಯ ಸಂಶೋಧನೆಯ ಬಹುಪಾಲು ಪಾಶ್ಚಾತ್ಯ ಕಾಲೇಜು ವಿದ್ಯಾರ್ಥಿಗಳದ್ದು. ಸ್ಟಂಕರ್ಡ್ ಚಿತ್ರಗಳಲ್ಲಿ ಬದಲಾಗುವುದು ದಪ್ಪ ಮಾತ್ರ, ಸ್ನಾಯುವಲ್ಲ. ಗಂಡಸರ ಅತೃಪ್ತಿ ದೀರ್ಘಕಾಲ ಕಣ್ತಪ್ಪಿದ್ದಕ್ಕೆ ಅಳತೆಗೋಲೇ ಒಂದು ಕಾರಣ. ಹೆಚ್ಚಿನವು ಒಂದೇ ಹೊತ್ತಿನ ಸಮೀಕ್ಷೆಗಳಾದ್ದರಿಂದ, ರೂಪದ ಪ್ರೇರಣೆ ಅತೃಪ್ತಿಯನ್ನು ಹುಟ್ಟಿಸಿತೋ ಅತೃಪ್ತಿ ಪ್ರೇರಣೆಯನ್ನು ಹುಟ್ಟಿಸಿತೋ ತಿಳಿಯುವುದಿಲ್ಲ. ಹೊಲ, ಕಾರ್ಖಾನೆ, ಕಟ್ಟಡದ ಕೆಲಸದಲ್ಲಿ ದಣಿಯುವವರು ಈ ಸಾಹಿತ್ಯದಲ್ಲಿ ಕಾಣುವುದೇ ಅಪರೂಪ.

ಅನ್ವಯ

ತರಬೇತುದಾರರು, ವೈದ್ಯರು ಮತ್ತು ಆರೋಗ್ಯ ಇಲಾಖೆಗಳು ಈ ತಿಳಿವಳಿಕೆಯನ್ನು ಬಳಸುತ್ತವೆ. ಇಂಗ್ಲೆಂಡಿನ ಸರ್ಕಾರಿ ಕ್ರೀಡಾ ಸಂಸ್ಥೆ ಸ್ಪೋರ್ಟ್ ಇಂಗ್ಲೆಂಡ್ 2015ರಲ್ಲಿ ಆರಂಭಿಸಿದ ‘ದಿಸ್ ಗರ್ಲ್ ಕ್ಯಾನ್’ ಅಭಿಯಾನ, ನೋಡುವವರು ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆಯೇ ಹೆಂಗಸರನ್ನು ತಡೆಯುತ್ತಿದೆ ಎಂಬ ಅರಿವಿನ ಮೇಲೆ ನಿಂತದ್ದು. ಅದರ ಜಾಹೀರಾತುಗಳಲ್ಲಿ ಎಲ್ಲ ಗಾತ್ರದ, ಬೆವರಿ ಏದುಸಿರು ಬಿಡುವ ಸಾಮಾನ್ಯ ಹೆಂಗಸರಿದ್ದರು. ತೂಕದ ಬದಲು ಎತ್ತಿದ ಭಾರ, ನಡೆದ ದೂರ, ನಿದ್ರೆ, ಉಸಿರಿನ ಹದಗಳನ್ನು ಪ್ರಗತಿಯ ಅಳತೆಯಾಗಿ ಇಡುವುದು ಇಬ್ಬರಿಗೂ ಸೂಕ್ತ. 2020ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಮತ್ತು ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಹೇಳುತ್ತದೆ. ಅದರಲ್ಲಿ ಗಂಡು ಹೆಣ್ಣಿನ ಭೇದವಿಲ್ಲ.

ಈಗಿನ ಸ್ಥಿತಿ

ಅಂತರ ಸ್ಥಿರವಾಗಿಲ್ಲ. 1998ರಲ್ಲಿ ಫೀನ್‌ಗೋಲ್ಡ್ ಮತ್ತು ಮಾಟ್ಸೆಲ್ಲಾ 222 ಅಧ್ಯಯನಗಳನ್ನು ಪರಿಶೀಲಿಸಿ, ದೇಹಬಿಂಬದ ಲಿಂಗವ್ಯತ್ಯಾಸ ದಶಕಗಳಿಂದ ಹಿಗ್ಗುತ್ತಿದೆ ಎಂದಿದ್ದರು. 2017ರಲ್ಲಿ ಬ್ರಯನ್ ಕರಾಜಿಯಾ ಮತ್ತು ಸಂಗಡಿಗರು 31 ವರ್ಷಗಳ ದತ್ತಾಂಶ ಜೋಡಿಸಿದಾಗ, ತೆಳ್ಳಗಿಲ್ಲವೆಂಬ ಹೆಂಗಸರ ಅತೃಪ್ತಿ ತುಸು ಇಳಿದಿತ್ತು. ಸ್ನಾಯುವಿನ ಬಗೆಗಿನ ಅತೃಪ್ತಿ ಇಳಿದಿರಲಿಲ್ಲ. ಅತೃಪ್ತಿಯನ್ನಷ್ಟೇ ಅಳೆಯುವ ಬದಲು, ತನ್ನ ಮೈಯನ್ನು ಒಪ್ಪಿ ಗೌರವಿಸುವ ‘ದೇಹ ಮೆಚ್ಚುಗೆ’ಯನ್ನು ಅಳೆಯುವ ಮಾಪಕಗಳು 2005ರಿಂದ ಬಳಕೆಗೆ ಬಂದಿವೆ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿರುವುದರಿಂದ, ತೂಕಕ್ಕೂ ವ್ಯಾಯಾಮಕ್ಕೂ ಇರುವ ನಂಟು ಬದಲಾಗುವುದೇ ಎಂಬುದು ಹೊಸ ಪ್ರಶ್ನೆ. ಪ್ರಪಂಚದಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದ ವಯಸ್ಕರು 2022ರಲ್ಲಿ ಶೇ 31. ಹೆಂಗಸರಲ್ಲಿ ಶೇ 34, ಗಂಡಸರಲ್ಲಿ ಶೇ 29. ಈ ಪ್ರವೃತ್ತಿ ಮುಂದುವರಿದರೆ ಒಟ್ಟು ಪ್ರಮಾಣ 2030ಕ್ಕೆ ಶೇ 35 ಮುಟ್ಟುತ್ತದೆ ಎಂಬುದು 2024ರಲ್ಲಿ ಪ್ರಕಟವಾದ ಅಂದಾಜು.